ಹುಡುಕುವವರ ಕಣ್ಣಿಗೆ ಬೀಳುವಂತೆ ಲಿಂಕ್ಡ್‌ಇನ್ ಪ್ರೊಫೈಲ್ ತಿದ್ದುವುದು ಹೇಗೆ?

ಪೀಣ್ಯದ ಒಂದು ಯಂತ್ರಭಾಗಗಳ ಕಾರ್ಖಾನೆಯಲ್ಲಿ ನಾಲ್ಕು ವರ್ಷಗಳಿಂದ ಗುಣಮಟ್ಟ ತಪಾಸಣೆಯ ಕೆಲಸ ಮಾಡುತ್ತಿರುವ ನನ್ನ ಅಕ್ಕನ ಮಗ ಯುಗಾದಿಗೆ ಊರಿಗೆ ಬಂದಿದ್ದಾಗ ಮೊಬೈಲನ್ನು ನನ್ನ ಮುಂದೆ ಹಿಡಿದು, "ಮಾವ, ಇದನ್ನು ಮಾಡಿಟ್ಟು ಒಂದೂವರೆ ವರ್ಷ ಆಯ್ತು, ಒಬ್ಬರೂ ವಿಚಾರಿಸಿಲ್ಲ" ಎಂದ. ಅದು ಅವನ ಲಿಂಕ್ಡ್‌ಇನ್ ಪುಟ. ಕಾಲೇಜಿನ ಬೀಳ್ಕೊಡುಗೆ ದಿನದ ಗುಂಪುಚಿತ್ರದಿಂದ ಕತ್ತರಿಸಿ ಹಾಕಿದ ಫೋಟೊದಲ್ಲಿ ಪಕ್ಕದವನ ಕೈ ಇನ್ನೂ ಇವನ ಹೆಗಲ ಮೇಲೆಯೇ ಇತ್ತು. ಹೆಸರಿನ ಕೆಳಗೆ 'ಜೂನಿಯರ್ ಆಫೀಸರ್' ಎಂಬ ಎರಡು ಪದ, ಕಂಪನಿಯ ಹೆಸರು, ಓದಿದ ಡಿಪ್ಲೊಮಾ, ಅಲ್ಲಿಗೆ ಮುಗಿಯಿತು. ಕಾರ್ಖಾನೆಗಳ ಸಿಬ್ಬಂದಿ ವಿಭಾಗದಲ್ಲಿ ಹಲವು ವರ್ಷ ಜನರನ್ನು ಹುಡುಕುವ ಬದಿಯಲ್ಲಿ ಕುಳಿತಿದ್ದವನಾದ್ದರಿಂದ, ಅವನನ್ನು ಯಾರೂ ವಿಚಾರಿಸದೆ ಇರಲು ಕಾರಣವೇನೆಂದು ನನಗೆ ತಕ್ಷಣ ತಿಳಿಯಿತು. ಅವನ ಕೆಲಸದಲ್ಲಿ ಕೊರತೆಯಿರಲಿಲ್ಲ. ಹುಡುಕುವವರು ಬೆರಳಚ್ಚಿಸುವ ಒಂದು ಪದವೂ ಆ ಪುಟದಲ್ಲಿ ಇರಲಿಲ್ಲ.

2003ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಆರಂಭವಾಗಿ, 2016ರಲ್ಲಿ 26.2 ಬಿಲಿಯನ್ ಡಾಲರಿಗೆ ಮೈಕ್ರೊಸಾಫ್ಟ್ ಪಾಲಾದ ಈ ತಾಣದ ಆದಾಯದಲ್ಲಿ ದೊಡ್ಡ ಪಾಲು ಬರುವುದು ನೌಕರರನ್ನು ಹುಡುಕುವ ಸಂಸ್ಥೆಗಳಿಂದ. ಅವು ಹಣ ಕೊಟ್ಟು ಪಡೆಯುವ ಹುಡುಕುವ ಸಲಕರಣೆಯಲ್ಲಿ ಹುದ್ದೆ, ಊರು, ಕೌಶಲ, ಅನುಭವದ ವರ್ಷ ಎಂಬ ಖಾನೆಗಳಿರುತ್ತವೆ. ಖಾನೆಗಳನ್ನು ತುಂಬಿ ಗುಂಡಿ ಒತ್ತಿದಾಗ ಬರುವ ಪಟ್ಟಿಯಲ್ಲಿ ಇಲ್ಲದವನು ಎಷ್ಟೇ ನಿಪುಣನಾಗಿದ್ದರೂ ಅವರ ಪಾಲಿಗೆ ಇಲ್ಲದವನೇ. ಆದ್ದರಿಂದ ಪ್ರೊಫೈಲ್ ತಿದ್ದುವ ಕೆಲಸದಲ್ಲಿ ಎರಡು ಭಾಗಗಳಿವೆ: ಪಟ್ಟಿಯೊಳಗೆ ಬರುವುದು ಮತ್ತು ಪಟ್ಟಿಯನ್ನು ನೋಡುತ್ತಿರುವವರು ನಂಬುವಂತೆ ಬರೆಯುವುದು.

ತಿದ್ದುವ ಮೊದಲು

ಮೊದಲಿಗೆ ಪುಟವನ್ನು ಮುಟ್ಟದೆ, ನೀವು ಸೇರಬಯಸುವ ಹುದ್ದೆಯ ಹತ್ತು ಜಾಹೀರಾತುಗಳನ್ನು ತೆರೆದು, ಹಾಳೆಯ ಮೇಲೆ ಪದೇ ಪದೇ ಕಾಣುವ ಪದಗಳನ್ನು ಗುರುತು ಹಾಕಿಕೊಳ್ಳಿ. ನಾವಿಬ್ಬರೂ ಹೀಗೆ ಕುಳಿತು ಮಾಡಿದ ಪಟ್ಟಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್, ಸಿಎಂಎಂ (ನಿಖರವಾಗಿ ಅಳೆಯುವ ಯಂತ್ರ), ಜಿಡಿ ಅಂಡ್ ಟಿ (ಡ್ರಾಯಿಂಗಿನಲ್ಲಿ ಆಕಾರ, ಅಳತೆಗಳ ಮಿತಿ ಸೂಚಿಸುವ ಪದ್ಧತಿ), ಪಿಪಿಎಪಿ (ಭಾಗದ ತಯಾರಿಕೆಗೆ ಗ್ರಾಹಕರ ಒಪ್ಪಿಗೆ ಪಡೆಯುವ ಕ್ರಮ), ಐಎಟಿಎಫ್ 16949 (ವಾಹನ ಉದ್ಯಮದ ಗುಣಮಟ್ಟದ ಮಾನದಂಡ) ಎಂಬ ಪದಗಳು ಹೆಚ್ಚು ಕಡಿಮೆ ಎಲ್ಲ ಜಾಹೀರಾತುಗಳಲ್ಲೂ ಇದ್ದವು. ಇವುಗಳಲ್ಲಿ ನಾಲ್ಕನ್ನು ಅವನು ದಿನವೂ ಬಳಸುತ್ತಿದ್ದ, ಒಂದನ್ನೂ ಬರೆದಿರಲಿಲ್ಲ. ನೀವು ನಿಜವಾಗಿ ಬಲ್ಲ ಪದಗಳಿಗೆ ಮಾತ್ರ ಗೆರೆ ಎಳೆದುಕೊಳ್ಳಿ, ಏಕೆಂದರೆ ಸಂದರ್ಶನದಲ್ಲಿ ಮೊದಲ ಪ್ರಶ್ನೆ ಹುಟ್ಟುವುದು ಆ ಪದಗಳಿಂದಲೇ.

ಎರಡನೆಯದಾಗಿ, ಸೆಟ್ಟಿಂಗ್ಸ್‌ನಲ್ಲಿ ಪ್ರೊಫೈಲಿನ ಬದಲಾವಣೆಗಳನ್ನು ಸಂಪರ್ಕದಲ್ಲಿರುವವರಿಗೆ ತಿಳಿಸುವ ಆಯ್ಕೆಯನ್ನು ಆಫ್ ಮಾಡಿಡಿ. ಒಂದೇ ಸಂಜೆ ಎಂಟು ತಿದ್ದುಪಡಿ ಮಾಡಿದರೆ ಆ ಸುದ್ದಿ ಈಗಿನ ಮೇಲಧಿಕಾರಿಗೂ ತಲುಪುವುದು ಬೇಡ. ಖಾತೆಗೆ ಕೊಟ್ಟಿರುವ ಇಮೇಲ್ ವಿಳಾಸವನ್ನೂ ಇದೇ ಹೊತ್ತಿನಲ್ಲಿ ಪರೀಕ್ಷಿಸಿ. ಕಾಲೇಜು ಕೊಟ್ಟಿದ್ದ, ಈಗ ತೆರೆಯಲಾಗದ ವಿಳಾಸವನ್ನೇ ಉಳಿಸಿಕೊಂಡವರು ಬಹಳ ಮಂದಿ. ಅವರಿಗೆ ಬಂದ ವಿಚಾರಣೆಗಳು ಯಾರೂ ಓದದ ಪೆಟ್ಟಿಗೆಯಲ್ಲಿ ಕೊಳೆಯುತ್ತಿರುತ್ತವೆ.

ಹೆಸರು, ಫೋಟೊ, ಊರು

ನಮ್ಮ ಕಡೆಯ ಹೆಸರುಗಳಿಗೆ ಈ ತಾಣದ ಅರ್ಜಿ ಹೊಂದುವುದಿಲ್ಲ. ಅದು ಕೊನೆಯ ಹೆಸರನ್ನು ಕಡ್ಡಾಯವಾಗಿ ಕೇಳುತ್ತದೆ, ನಮ್ಮಲ್ಲಿ ಅನೇಕರಿಗೆ ಇರುವುದು ಇನಿಷಿಯಲ್ ಮಾತ್ರ. ಇಲ್ಲದ ಮನೆತನದ ಹೆಸರನ್ನು ಅಲ್ಲಿ ಹುಟ್ಟಿಸುವುದಕ್ಕಿಂತ ಅಂಕಪಟ್ಟಿಯಲ್ಲಿ ಇರುವಂತೆ ಇನಿಷಿಯಲ್ ಅನ್ನೇ ಆ ಖಾನೆಯಲ್ಲಿ ಬರೆಯುವುದು ಸರಿ. ಮುಂದೆ ದಾಖಲೆ ಪರಿಶೀಲನೆಯ ಹೊತ್ತಿಗೆ ಎಲ್ಲ ಕಡೆ ಒಂದೇ ಹೆಸರು ಸಿಗಬೇಕು. ಫೋಟೊದ ಬಗ್ಗೆ ಹೆಚ್ಚು ಹೇಳುವುದಿಲ್ಲ: ಹಗಲು ಬೆಳಕಿನಲ್ಲಿ, ಸಾದಾ ಗೋಡೆಯ ಮುಂದೆ, ಭುಜದವರೆಗೆ ಕಾಣುವಂತೆ, ಒಬ್ಬರೇ ಇರುವ ಚಿತ್ರ ಸಾಕು. ಸ್ಟುಡಿಯೊಗೆ ಹಣ ಹಾಕಬೇಕಾಗಿಲ್ಲ.

ಊರಿನ ಖಾನೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಹುಡುಕುವವರು 'ಬೆಂಗಳೂರು' ಎಂದು ಸೋಸಿದಾಗ, ಪೀಣ್ಯದಲ್ಲೇ ವಾಸವಾಗಿದ್ದು ಪ್ರೊಫೈಲಿನಲ್ಲಿ ಹುಟ್ಟೂರು ಹಾವೇರಿ ಎಂದು ಬರೆದವನು ಜರಡಿಯಿಂದ ಕೆಳಗೆ ಬೀಳುತ್ತಾನೆ. ಈಗ ಎಲ್ಲಿದ್ದೀರೋ ಅದನ್ನೇ ಬರೆಯಿರಿ. ಬೆಳಗಾವಿಗೋ ಹೊಸೂರಿಗೋ ಹೋಗಲು ಸಿದ್ಧರಿದ್ದರೆ ಅದನ್ನು ತಿಳಿಸಲು ಬೇರೆ ಜಾಗವಿದೆ. ಅದು ಮುಂದೆ ಬರುತ್ತದೆ.

ಹೆಸರಿನ ಕೆಳಗಿನ ಸಾಲು

ಹೆಡ್‌ಲೈನ್ ಎಂದು ಕರೆಯುವ ಈ ಸಾಲಿಗೆ 220 ಅಕ್ಷರಗಳ ಮಿತಿ ಇದೆ. ನೀವು ಏನೂ ಬರೆಯದಿದ್ದರೆ ತಾಣವೇ ಹುದ್ದೆ ಮತ್ತು ಕಂಪನಿಯ ಹೆಸರನ್ನು ಅಲ್ಲಿ ತುಂಬುತ್ತದೆ, ತೊಂದರೆ ಆರಂಭವಾಗುವುದು ಅಲ್ಲಿಂದಲೇ. ಕಂಪನಿಯೊಳಗಿನ ಹುದ್ದೆಯ ಹೆಸರುಗಳು ಸಂಬಳದ ಶ್ರೇಣಿಗಾಗಿ ಇಟ್ಟವು. 'ಜೂನಿಯರ್ ಆಫೀಸರ್' ಎಂದರೆ ಉಗ್ರಾಣ ನೋಡಿಕೊಳ್ಳುವವನೋ, ಲೆಕ್ಕ ಬರೆಯುವವನೋ, ಗೇಜ್ (ಅಳತೆಯ ಉಪಕರಣ) ಹಿಡಿಯುವವನೋ ಹೊರಗಿನವರಿಗೆ ತಿಳಿಯುವುದಿಲ್ಲ. ಅನುಭವದ ವಿಭಾಗದಲ್ಲಿ ನೇಮಕ ಪತ್ರದ ಹುದ್ದೆಯನ್ನೇ ಉಳಿಸಿಕೊಂಡು, ಹೆಡ್‌ಲೈನಿನಲ್ಲಿ ನೀವು ಮಾಡುವ ಕೆಲಸವನ್ನು ಮಾರುಕಟ್ಟೆ ಯಾವ ಹೆಸರಿನಿಂದ ಕರೆಯುತ್ತದೆಯೋ ಆ ಹೆಸರನ್ನು ಬರೆಯಿರಿ.

ನಾವು ಮೂರು ಸಲ ಬರೆದು ಅಳಿಸಿ ಕೊನೆಗೆ ಉಳಿಸಿಕೊಂಡ ಸಾಲು ಹೀಗಿದೆ: "ಕ್ವಾಲಿಟಿ ಇನ್‌ಸ್ಪೆಕ್ಟರ್, ಮಷೀನ್ಡ್ ಕಾಂಪೊನೆಂಟ್ಸ್ | ಸಿಎಂಎಂ, ಬೋರ್ ಗೇಜ್, ಜಿಡಿ ಅಂಡ್ ಟಿ | ಪಿಪಿಎಪಿ ಡಾಕ್ಯುಮೆಂಟೇಶನ್ | ಜಿಟಿಟಿಸಿ ಡಿಪ್ಲೊಮಾ". ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದರೂ ಪುಟದಲ್ಲಿ ಇಂಗ್ಲಿಷಿನಲ್ಲೇ ಬರೆಯಿರಿ. ಕನ್ನಡದ ಮೇಲೆ ನನಗೆ ಎಷ್ಟೇ ಅಭಿಮಾನವಿದ್ದರೂ ಹುಡುಕುವವರು ಬೆರಳಚ್ಚಿಸುವುದು ಇಂಗ್ಲಿಷಿನಲ್ಲಿ. ಹುದ್ದೆಯ ಹೆಸರು ಮೊದಲು ಬರಬೇಕು, ಏಕೆಂದರೆ ಮೊಬೈಲಿನ ಪಟ್ಟಿಯಲ್ಲಿ ಸಾಲಿನ ಆರಂಭ ಮಾತ್ರ ಕಾಣುತ್ತದೆ. ಬೆಂಗಳೂರಿನಲ್ಲಿ 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಯಂತ್ರಭಾಗಗಳ ಉದ್ಯಮದಲ್ಲಿ ತನ್ನದೇ ತೂಕವಿರುವ ಹೆಸರಾದ್ದರಿಂದ ಅದಕ್ಕೂ ಸಾಲಿನಲ್ಲಿ ಜಾಗ ಕೊಟ್ಟೆವು. 'ಪರಿಶ್ರಮಿ', 'ಉತ್ಸಾಹಿ', 'ತಂಡದ ಮನುಷ್ಯ' ಎಂಬ ವಿಶೇಷಣಗಳನ್ನು ಯಾರೂ ಹುಡುಕುವುದಿಲ್ಲ.

ಪರಿಚಯದ ಭಾಗ

'ಅಬೌಟ್' ಎಂಬ ಈ ಭಾಗದಲ್ಲಿ 2,600 ಅಕ್ಷರಗಳವರೆಗೆ ಬರೆಯಬಹುದು. ಅಷ್ಟನ್ನೂ ತುಂಬಬೇಕೆಂದೇನೂ ಇಲ್ಲ. ಪೂರ್ತಿ ತೆರೆಯುವ ಮೊದಲು ಕಾಣುವ ಎರಡು ಮೂರು ಸಾಲುಗಳಲ್ಲಿ ಯಾವ ಕೆಲಸ, ಎಷ್ಟು ವರ್ಷ, ಯಾವ ಬಗೆಯ ಉತ್ಪನ್ನ ಎಂಬುದು ಬಂದುಬಿಡಲಿ. ಆಮೇಲೆ ಮುಂದೆ ಏನು ಮಾಡಲು ಬಯಸುತ್ತೀರಿ ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಿ, ನೋಟಿಸ್ ಅವಧಿಯನ್ನು ಸೂಚಿಸಿದರೆ ಸಾಕು. ಹಿಂದಿನ ಕಂಪನಿಯ ಮೇಲಿನ ಸಿಟ್ಟಿಗೆ ಇಲ್ಲಿ ಜಾಗವಿಲ್ಲ.

ಅನುಭವ: ಇಲ್ಲಿ ಹೆಚ್ಚು ಹೊತ್ತು ಕಳೆಯಿರಿ

ಪಟ್ಟಿಯೊಳಗೆ ತರುವುದು ಹೆಡ್‌ಲೈನ್ ಆದರೆ ಫೋನ್ ಮಾಡಿಸುವುದು ಅನುಭವದ ವಿಭಾಗ. ನನ್ನ ಅಕ್ಕನ ಮಗ ಅಲ್ಲಿ ಏನೂ ಬರೆದಿರಲಿಲ್ಲ. ಬರೆ ಎಂದಾಗ ಬರೆದದ್ದು ಇದು: "ಕಂಪನಿಯ ಗುಣಮಟ್ಟಕ್ಕೆ ಸಂಬಂಧಿಸಿದ ಎಲ್ಲ ಜವಾಬ್ದಾರಿಗಳನ್ನು ಯಶಸ್ವಿಯಾಗಿ ನಿಭಾಯಿಸುತ್ತಿದ್ದೇನೆ." ಎಲ್ಲ ಎಂದರೆ ಏನೂ ಅಲ್ಲ. ಆಗ ನಾನು ಅವನನ್ನು ಕೇಳುತ್ತಾ ಹೋದೆ: ಬೆಳಿಗ್ಗೆ ಪಾಳಿಗೆ ಹೋದ ಕೂಡಲೇ ಯಾವ ಯಂತ್ರದ ಮುಂದೆ ನಿಲ್ಲುತ್ತೀ? ಯಾವ ಭಾಗ ಅಳೆಯುತ್ತೀ? ಯಾವ ಅಳತೆ ಹೆಚ್ಚು ಕಾಡುತ್ತದೆ? ಅದಕ್ಕೆ ನೀನೇನು ಮಾಡಿದೆ?

ಉತ್ತರಗಳು ತಾವಾಗಿ ಬಂದವು. ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕತ್ತರಿಸುವ ಮೂರು ವಿಎಂಸಿ ಮತ್ತು ಎರಡು ಸಿಎನ್‌ಸಿ ಲೇತ್‌ಗಳ ಮೊದಲ ಪೀಸಿನ ತಪಾಸಣೆ ಅವನದು. ಹೈಡ್ರಾಲಿಕ್ ಪಂಪಿನ ಹೌಸಿಂಗ್‌ನಲ್ಲಿ 42 ಮಿಲಿಮೀಟರಿನ ಬೋರ್, ಅಂದರೆ ಕೊರೆದ ರಂಧ್ರ ಇದೆ, ಅದರ ನಿಖರತೆಯ ದರ್ಜೆ ಎಚ್7. ಅದರ ಅಳತೆಯಲ್ಲಿ ವ್ಯತ್ಯಾಸಕ್ಕೆ ಇರುವ ಅವಕಾಶ 25 ಮೈಕ್ರಾನ್ ಮಾತ್ರ. ಬೋರ್ ಗೇಜನ್ನು ವಾರಕ್ಕೊಮ್ಮೆ ಮಾತ್ರ ಸೆಟ್ಟಿಂಗ್ ರಿಂಗಿನಲ್ಲಿ (ನಿಖರ ಅಳತೆಯ ಉಂಗುರದಲ್ಲಿ) ಹೊಂದಿಸುವ ರೂಢಿಯಿದ್ದುದರಿಂದ ಸರಿಯಾದ ಪೀಸುಗಳೂ ತಿರಸ್ಕೃತವಾಗುತ್ತಿದ್ದವು. ಇವನು ಅದನ್ನು ಪ್ರತಿ ಪಾಳಿಯ ಆರಂಭಕ್ಕೆ ತಂದು, ಅಳತೆಗಳನ್ನು ಅವುಗಳ ಏರಿಳಿತ ತೋರಿಸುವ ಕಂಟ್ರೋಲ್ ಚಾರ್ಟಿನಲ್ಲಿ ಗುರುತಿಸತೊಡಗಿದ ಮೇಲೆ ರಿಜೆಕ್ಷನ್ ನೂರಕ್ಕೆ ನಾಲ್ಕರಿಂದ ಒಂದೂವರೆಗೆ ಇಳಿಯಿತು. ಇಷ್ಟನ್ನೂ ನಾಲ್ಕು ಚಿಕ್ಕ ಸಾಲುಗಳಲ್ಲಿ ಬರೆದೆವು. ಇದೇ ಕೆಲಸ ಬಲ್ಲ ಮ್ಯಾನೇಜರ್ ಆ ಸಾಲುಗಳನ್ನು ಓದಿದರೆ, ಬರೆದವನು ನಿಜವಾಗಿ ಗೇಜ್ ಹಿಡಿದವನು ಎಂಬುದರಲ್ಲಿ ಅವರಿಗೆ ಅನುಮಾನ ಉಳಿಯುವುದಿಲ್ಲ.

ಅಂಕಿಗಳನ್ನು ಬರೆಯುವಾಗ ನಿಮ್ಮ ಬಳಿ ದಾಖಲೆಯಿರುವುದನ್ನು ಮಾತ್ರ ಬರೆಯಿರಿ. ಗ್ರಾಹಕ ಕಂಪನಿಯ ಹೆಸರು, ಡ್ರಾಯಿಂಗಿನ ಚಿತ್ರ, ಭಾಗದ ಸಂಖ್ಯೆ ಇವು ನಿಮ್ಮ ಸ್ವತ್ತಲ್ಲ. 'ಟ್ರಾಕ್ಟರ್ ಉದ್ಯಮಕ್ಕೆ ಹೋಗುವ ಭಾಗ' ಎಂದರೆ ಸಾಕಾಗುತ್ತದೆ. ಕೆಲಸದ ಗುಟ್ಟನ್ನು ಬಯಲಿನಲ್ಲಿ ಹಾಕಿದವನನ್ನು ಸೇರಿಸಿಕೊಳ್ಳಲು ಹೊಸ ಕಂಪನಿಯೂ ಹಿಂಜರಿಯುತ್ತದೆ.

ದಿನಾಂಕಗಳ ವಿಷಯದಲ್ಲಿ ನಮ್ಮ ದೇಶದ್ದೇ ಆದ ಒಂದು ತೊಡಕಿದೆ. ಸೇರುವ ಮೊದಲು ಪೂರ್ವಾಪರ ಪರಿಶೀಲಿಸುವವರು ಅನೇಕ ಸಲ ನೋಡುವುದು ಭವಿಷ್ಯ ನಿಧಿಯಲ್ಲಿ (ಪಿಎಫ್) ನೌಕರನ ಗುರುತಾಗಿರುವ ಯುಎಎನ್ ಸಂಖ್ಯೆಯಡಿ ಇರುವ ಸೇವಾ ವಿವರವನ್ನು. ಅದರಲ್ಲಿ ಯಾವ ಸಂಸ್ಥೆಗೆ ಎಂದು ಸೇರಿದಿರಿ, ಎಂದು ಬಿಟ್ಟಿರಿ ಎಂಬುದು ದಾಖಲಾಗಿರುತ್ತದೆ. ಗುತ್ತಿಗೆದಾರರ ಮೂಲಕ ದೊಡ್ಡ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು ಪ್ರೊಫೈಲಿನಲ್ಲಿ ಕಾರ್ಖಾನೆಯ ಹೆಸರನ್ನು ಬರೆದುಕೊಂಡಿರುತ್ತಾರೆ, ಪಿಎಫ್ ದಾಖಲೆಯಲ್ಲಿ ಗುತ್ತಿಗೆದಾರರ ಹೆಸರಿರುತ್ತದೆ. ಮೋಸದ ಉದ್ದೇಶವಿಲ್ಲದಿದ್ದರೂ ನೋಡುವವರಿಗೆ ಅದು ಸುಳ್ಳಿನಂತೆ ಕಾಣುತ್ತದೆ. ಇಂಥವರು ಉದ್ಯೋಗದಾತರ ಜಾಗದಲ್ಲಿ ಗುತ್ತಿಗೆ ಸಂಸ್ಥೆಯ ಹೆಸರನ್ನೇ ಬರೆದು, ವಿವರಣೆಯ ಮೊದಲ ಸಾಲಿನಲ್ಲಿ ಯಾವ ಬಗೆಯ ಕಾರ್ಖಾನೆಯಲ್ಲಿ ನಿಯೋಜಿತರಾಗಿದ್ದರು ಎಂಬುದನ್ನು ಹೇಳುವುದು ಕ್ಷೇಮ. ಹೆರಿಗೆ, ಮನೆಯವರ ಕಾಯಿಲೆ, ಓದು ಮುಂತಾದ ಕಾರಣಗಳಿಂದ ಬಿಡುವು ಬಿದ್ದಿದ್ದರೆ ತಾರೀಖುಗಳನ್ನು ಎಳೆದು ಮುಚ್ಚುವುದು ಬೇಡ. 2022ರಿಂದ ಈ ತಾಣದಲ್ಲಿ 'ಕರಿಯರ್ ಬ್ರೇಕ್' ಎಂದು ನಮೂದಿಸುವ ಸೌಲಭ್ಯವೇ ಇದೆ.

ಕೌಶಲಗಳು ಮತ್ತು ಶಿಫಾರಸು

ಕೌಶಲಗಳ ಖಾನೆಯಲ್ಲಿ ಹಾಳೆಯ ಮೇಲೆ ಗೆರೆ ಎಳೆದುಕೊಂಡಿದ್ದ ಪದಗಳನ್ನು ಜಾಹೀರಾತಿನಲ್ಲಿದ್ದ ರೂಪದಲ್ಲೇ ಸೇರಿಸಿ, ಮುಖ್ಯವಾದವನ್ನು ಮೇಲಕ್ಕೆ ತನ್ನಿ. 'ಎಂಎಸ್ ಆಫೀಸ್', 'ಇಂಟರ್ನೆಟ್' ಎಂಬುವನ್ನು ತೆಗೆದುಹಾಕಿ. ಎಕ್ಸೆಲ್‌ನಲ್ಲಿ ನಿಜವಾಗಿ ಏನಾದರೂ ಮಾಡುತ್ತಿದ್ದರೆ ಎಕ್ಸೆಲ್ ಎಂದೇ ಬರೆಯಿರಿ.

ಶಿಫಾರಸು ಕೇಳಲು ನಮ್ಮವರಿಗೆ ಸಂಕೋಚ. ಕೇಳಿದರೂ "ಸರ್, ನನಗೊಂದು ರೆಕಮೆಂಡೇಶನ್ ಕೊಡಿ" ಎಂದಷ್ಟೇ ಬರೆಯುತ್ತಾರೆ, ಅದಕ್ಕೆ ಬರುವ ಉತ್ತರವೂ 'ಒಳ್ಳೆಯ ಹುಡುಗ' ಎಂಬಷ್ಟಕ್ಕೇ ನಿಲ್ಲುತ್ತದೆ. ಪಾಳಿಯ ಮೇಲ್ವಿಚಾರಕರಾಗಿದ್ದವರಿಗೆ ಹೀಗೆ ಬರೆದು ನೋಡಿ: "ಸರ್, ಹೋದ ವರ್ಷ ಪಂಪ್ ಹೌಸಿಂಗಿನ ರಿಜೆಕ್ಷನ್ ಇಳಿಸಿದ ಕೆಲಸ ನಿಮ್ಮ ಕೈಕೆಳಗೇ ಮಾಡಿದ್ದೆ. ಅದರ ಬಗ್ಗೆ ಎರಡು ಮಾತು ಬರೆದುಕೊಟ್ಟರೆ ನನಗೆ ಉಪಕಾರವಾಗುತ್ತದೆ." ಇಂಥ ಎರಡು ಶಿಫಾರಸು ಇದ್ದರೆ ಸಾಕು.

ಕೆಲಸ ಹುಡುಕುತ್ತಿರುವುದನ್ನು ತಿಳಿಸುವುದು

'ಓಪನ್ ಟು ವರ್ಕ್' ಎಂಬ ಆಯ್ಕೆಯಲ್ಲಿ ಎರಡು ದಾರಿಗಳಿವೆ: ಎಲ್ಲರಿಗೂ ಕಾಣುವಂತೆ ಫೋಟೊದ ಸುತ್ತ ಹಸಿರು ಚೌಕಟ್ಟು ಹಾಕಿಕೊಳ್ಳುವುದು ಒಂದು, ನೇಮಕಾತಿ ಮಾಡುವವರಿಗೆ ಮಾತ್ರ ತಿಳಿಸುವುದು ಇನ್ನೊಂದು. ಈಗ ಕೆಲಸದಲ್ಲಿರುವವರಿಗೆ ಎರಡನೆಯದೇ ಸರಿ. ನಿಮ್ಮದೇ ಕಂಪನಿಯ ನೇಮಕಾತಿ ವಿಭಾಗಕ್ಕೆ ಕಾಣದಂತೆ ತಾಣ ಪ್ರಯತ್ನಿಸುತ್ತದೆಯಾದರೂ ಪೂರ್ತಿ ಗುಟ್ಟಾಗಿಡುವ ಭರವಸೆಯನ್ನು ಅದು ಕೊಡುವುದಿಲ್ಲ ಎಂಬುದು ನೆನಪಿರಲಿ. ಒಂದಕ್ಕಿಂತ ಹೆಚ್ಚು ಹುದ್ದೆಯ ಹೆಸರು, ಒಂದಕ್ಕಿಂತ ಹೆಚ್ಚು ಊರು ಕೊಡಲು ಇಲ್ಲಿಯೇ ಅವಕಾಶವಿದೆ. ಕ್ವಾಲಿಟಿ ಇನ್‌ಸ್ಪೆಕ್ಟರ್, ಲೈನ್ ಇನ್‌ಸ್ಪೆಕ್ಟರ್, ಕ್ವಾಲಿಟಿ ಎಂಜಿನಿಯರ್ ಮೂರನ್ನೂ ಬರೆಯಿರಿ. ಬೆಳಗಾವಿ, ಹೊಸೂರು ಬರಬೇಕಾದ ಜಾಗವೂ ಇದೇ.

ಆಮೇಲೆ ಮೊಬೈಲಿನ ಬ್ರೌಸರಿನಲ್ಲಿ, ಖಾತೆಗೆ ಪ್ರವೇಶಿಸದೆ, ನಿಮ್ಮ ಪುಟ ಹೊರಗಿನವರಿಗೆ ಹೇಗೆ ಕಾಣುತ್ತದೆ ಎಂದು ಒಮ್ಮೆ ನೋಡಿಕೊಳ್ಳಿ. ಪೀಣ್ಯದ ಸಣ್ಣ ಘಟಕಗಳು ಇಂದಿಗೂ ಗೇಟಿನ ಬೋರ್ಡು, ವಾಟ್ಸ್ಆ್ಯಪ್ ಗುಂಪು, ಹಳೆಯ ಸಹೋದ್ಯೋಗಿಯ ಬಾಯಿಮಾತಿನಿಂದಲೇ ಜನರನ್ನು ತೆಗೆದುಕೊಳ್ಳುತ್ತವೆ ಎಂಬುದನ್ನೂ ಹೇಳಬೇಕು. ಪ್ರೊಫೈಲ್ ಚೆನ್ನಾಯಿತೆಂದು ಆ ದಾರಿಗಳನ್ನು ಬಿಡಬೇಡಿ.

ವಿಚಾರಣೆ ಬಂದಾಗ

ಸಂದೇಶ ಬಂದರೆ ಒಂದೆರಡು ದಿನದೊಳಗೆ ಉತ್ತರಿಸಿ. ಬೇಡವೆಂದರೂ ಬೇಡವೆಂದು ತಿಳಿಸಿ. ಈಗಿನ ಸಂಬಳ, ನಿರೀಕ್ಷೆ, ನೋಟಿಸ್ ಅವಧಿ ಈ ಮೂರು ಪ್ರಶ್ನೆಗಳು ಬಂದೇ ಬರುತ್ತವೆಯಾದ್ದರಿಂದ ಉತ್ತರಗಳನ್ನು ಮೊದಲೇ ಯೋಚಿಸಿಟ್ಟುಕೊಳ್ಳಿ. ಬರೆದವರ ಪ್ರೊಫೈಲನ್ನೂ ತೆರೆದು ನೋಡಿ: ಮೊನ್ನೆ ಮೊನ್ನೆ ಹುಟ್ಟಿದ ಖಾತೆ, ಬೆರಳೆಣಿಕೆಯ ಸಂಪರ್ಕಗಳು, ಕಂಪನಿಯ ಹೆಸರಿದ್ದೂ ಸಾದಾ ಜಿಮೇಲ್ ವಿಳಾಸ ಇದ್ದರೆ ಎಚ್ಚರವಾಗಿರಿ. ಸಮವಸ್ತ್ರಕ್ಕೆ, ತರಬೇತಿಗೆ, ಭದ್ರತಾ ಠೇವಣಿಗೆ ಎಂದು ಯಾವ ಹೆಸರಿನಲ್ಲಿ ಹಣ ಕೇಳಿದರೂ ಅಲ್ಲಿಗೇ ಮಾತು ನಿಲ್ಲಿಸಿ, ಆಧಾರ್ ಮತ್ತು ಬ್ಯಾಂಕ್ ವಿವರಗಳನ್ನು ಕಳುಹಿಸದಿರಿ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930 ಸಂಖ್ಯೆಯ ಸೈಬರ್ ಅಪರಾಧ ಸಹಾಯವಾಣಿಗೆ ಕರೆ ಮಾಡಿ, ಆ ಸಂದೇಶಗಳ ಸ್ಕ್ರೀನ್‌ಶಾಟ್‌ಗಳನ್ನು ಅಳಿಸದೆ ಇಟ್ಟುಕೊಳ್ಳಿ.