ಹಿರಿಯರ ರಗ್ಬಿ: ಸುರಕ್ಷಿತ ಆಟಕ್ಕಾಗಿ ನಿಯಮಗಳನ್ನು ಹೊಂದಿಸುವ ಬಗೆ

ರಗ್ಬಿಯಲ್ಲಿ ಹೆಚ್ಚಿನ ಬಲ ಒಂದೆಡೆ ಸೇರುವುದು ಮೂರು ಸಂದರ್ಭಗಳಲ್ಲಿ. ಎರಡು ತಂಡಗಳ ಮುಂಚೂಣಿ ಆಟಗಾರರು ತಲೆತಗ್ಗಿಸಿ ಭುಜಕ್ಕೆ ಭುಜ ಕೊಟ್ಟು ಒತ್ತುವ ಸ್ಕ್ರಮ್, ಚೆಂಡು ಹಿಡಿದವನನ್ನು ನೆಲಕ್ಕೆ ಕೆಡವುವ ಟ್ಯಾಕಲ್, ಬಿದ್ದ ಚೆಂಡಿನ ಮೇಲೆ ಎರಡೂ ಕಡೆಯವರು ಮುಗಿಬೀಳುವ ರಕ್. ವಯಸ್ಸಾದವರಿಗಾಗಿ ನಿಯಮಗಳನ್ನು ಬದಲಿಸಲು ಕೂತಾಗ ಈ ಮೂರನ್ನು ಮೊದಲು ಕೈಗೆತ್ತಿಕೊಳ್ಳಬೇಕು. ಹಿಂದಕ್ಕೆ ಪಾಸ್ ಕೊಡುವುದು, ಖಾಲಿ ಜಾಗ ಕಂಡು ನುಗ್ಗುವುದು, ಜೊತೆಗಾರನ ಬೆನ್ನಿಗೆ ಓಡುವುದು ಇವನ್ನು ಇದ್ದಂತೆಯೇ ಬಿಡಬೇಕು. ರಗ್ಬಿಯ ಜೀವ ಇರುವುದು ಅವುಗಳಲ್ಲಿಯೇ ಎಂಬುದು ನನ್ನ ದೃಢವಾದ ನಂಬಿಕೆ.

ಆಟಗಾರರನ್ನು ವಯಸ್ಸಿನ ಪ್ರಕಾರ ಗುರುತಿಸುವುದು ಮೊದಲ ಕೆಲಸ, ಮತ್ತು ಆ ಗುರುತು ದೂರದಿಂದಲೇ ಕಾಣುವಂತಿರಬೇಕು. 1948ರಲ್ಲಿ ಟೋಕಿಯೊದಲ್ಲಿ ನಲವತ್ತು ದಾಟಿದವರಿಗಾಗಿಯೇ ಆರಂಭವಾದ ಫುವಾಕು ಕ್ಲಬ್‌ನ ಪದ್ಧತಿ ಇದಕ್ಕೆ ಒಳ್ಳೆಯ ಮಾದರಿ: ನಲವತ್ತರ ದಶಕದವರಿಗೆ ಬಿಳಿ ಶಾರ್ಟ್ಸ್, ಐವತ್ತರವರಿಗೆ ಕಡುನೀಲಿ, ಅರವತ್ತರವರಿಗೆ ಕೆಂಪು, ಎಪ್ಪತ್ತರವರಿಗೆ ಹಳದಿ, ಎಂಬತ್ತರವರಿಗೆ ನೇರಳೆ. ಓಡಿಬರುವ ಎದುರಾಳಿಯ ಮುಖ ನೋಡಿ ವಯಸ್ಸನ್ನು ಅಂದಾಜು ಮಾಡುವಷ್ಟು ಸಮಯ ಮೈದಾನದಲ್ಲಿ ಯಾರಿಗೂ ಇರುವುದಿಲ್ಲ, ಆದರೆ ಬಣ್ಣ ಕಣ್ಣಿಗೆ ಬಿದ್ದ ಕೂಡಲೇ ಕೈ ತಾನಾಗಿ ಹಗುರಾಗುತ್ತದೆ. ಮೂರು ಮಟ್ಟಗಳು ಸಾಕು ಎನ್ನುವುದು ನನ್ನ ಸಲಹೆ. ಮೊದಲ ಬಣ್ಣದವರನ್ನು ಕೆಳಮಟ್ಟದಲ್ಲಿ ಟ್ಯಾಕಲ್ ಮಾಡಬಹುದು, ಎರಡನೆಯ ಬಣ್ಣದವರನ್ನು ಹಿಡಿದು ನಿಲ್ಲಿಸಬಹುದೇ ಹೊರತು ಕೆಡವುವಂತಿಲ್ಲ, ಮೂರನೆಯ ಬಣ್ಣದವರನ್ನು ಕೈಯಿಂದ ಮುಟ್ಟಿದರೆ ಅಷ್ಟೇ ಸಾಕು. ಈ ರಿಯಾಯಿತಿ ಎರಡೂ ಕಡೆಗೆ ಅನ್ವಯಿಸಬೇಕು: ಕೆಡವಿಸಿಕೊಳ್ಳಬಾರದವನು ಇನ್ನೊಬ್ಬನನ್ನು ಕೆಡವಲೂಬಾರದು. ವಯಸ್ಸು ಕಡಿಮೆಯಿದ್ದರೂ ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವನು ತಾನಾಗಿ ಮೇಲಿನ ಬಣ್ಣ ಕೇಳಿದರೆ, ಕಾರಣ ವಿಚಾರಿಸದೆ ಕೊಡಬೇಕು.

ಸ್ಕ್ರಮ್‌ನಲ್ಲಿ ಒತ್ತಾಟ ಬೇಡವೇ ಬೇಡ. ಹತ್ತೊಂಬತ್ತು ವರ್ಷದೊಳಗಿನವರ ಪಂದ್ಯಗಳಲ್ಲಿಯೇ ಸ್ಕ್ರಮ್ ಅನ್ನು ಒಂದೂವರೆ ಮೀಟರ್‌ಗಿಂತ ಹೆಚ್ಚು ತಳ್ಳಬಾರದೆಂಬ ಮಿತಿ ಇದೆ. ಕತ್ತಿನ ಮೂಳೆಗಳು ಸವೆದಿರುವ ವಯಸ್ಸಿನಲ್ಲಿ ಅಷ್ಟು ತಳ್ಳುವುದೂ ಅಪಾಯವೇ. ಸಾಮಾನ್ಯ ನಿಯಮಾವಳಿಯಲ್ಲಿಯೇ ಸ್ಪರ್ಧೆಯಿಲ್ಲದ ಸ್ಕ್ರಮ್‌ಗೆ ಅವಕಾಶವಿದೆ: ಚೆಂಡು ಹಾಕುವ ತಂಡಕ್ಕೇ ಚೆಂಡು ಸಿಗುತ್ತದೆ, ಯಾರೂ ತಳ್ಳುವಂತಿಲ್ಲ. ಇದಕ್ಕೆ ಇನ್ನೊಂದು ಮಾತು ಸೇರಿಸಬೇಕು. ಅಪಾಯ ತಳ್ಳುವುದರಲ್ಲಿ ಮಾತ್ರವಲ್ಲ, ಎರಡು ಸಾಲುಗಳು ಬಂದು ಸೇರುವ ಆ ಮೊದಲ ಬಡಿತದಲ್ಲೂ ಇದೆ. ಆದ್ದರಿಂದ ಎರಡೂ ಕಡೆಯವರು ನಿಂತೇ ಒಬ್ಬರನ್ನೊಬ್ಬರು ಹಿಡಿದುಕೊಂಡು, ರೆಫರಿಯ ಮಾತಿಗೆ ತಕ್ಕಂತೆ ನಿಧಾನವಾಗಿ ಬಾಗಿ, ಭುಜಗಳು ಸೊಂಟಕ್ಕಿಂತ ಮೇಲೆಯೇ ಇರುವಂತೆ ಜೋಡಿಯಾಗಲಿ. ಎಂಟು ಜನರ ಬದಲು ಮೂರು ಅಥವಾ ಐದು ಜನ ಸಾಕು.

ಟ್ಯಾಕಲ್ ಇಟ್ಟುಕೊಳ್ಳುವ ಗುಂಪುಗಳು ಅದರ ಎತ್ತರವನ್ನು ಸೊಂಟಕ್ಕೆ ಇಳಿಸಬೇಕು. ಫ್ರಾನ್ಸ್ 2019ರಲ್ಲಿಯೇ ಹವ್ಯಾಸಿ ಆಟದಲ್ಲಿ ಸೊಂಟದ ಮಿತಿ ತಂದಿತು. ಇಂಗ್ಲೆಂಡ್ 2023ರಲ್ಲಿ ಸಮುದಾಯ ಮಟ್ಟದ ಆಟಕ್ಕೆ ಎದೆಮೂಳೆಯ ಕೆಳಗಿನ ಮಿತಿ ಹಾಕಿತು. ತಲೆಗೆ ತಲೆ, ತಲೆಗೆ ಭುಜ ಬಡಿಯುವುದನ್ನು ಕಡಿಮೆ ಮಾಡುವುದೇ ಇದರ ಉದ್ದೇಶ. ಆದರೆ ಟ್ಯಾಕಲ್ ಮಾಡುವವನು ಕೆಳಗೆ ಬಗ್ಗುವಾಗ ಚೆಂಡು ಹಿಡಿದವನೂ ತಲೆ ತಗ್ಗಿಸಿ ನುಗ್ಗಿದರೆ ಈ ನಿಯಮದಿಂದ ಏನೂ ಉಪಯೋಗವಿಲ್ಲ, ಹಾಗಾಗಿ ಹಾಗೆ ನುಗ್ಗುವುದನ್ನೂ ತಪ್ಪೆಂದು ಘೋಷಿಸಬೇಕು. ಇಬ್ಬರು ಸೇರಿ ಒಬ್ಬನನ್ನು ಹಿಡಿಯುವುದನ್ನೂ, ಎದುರಾಳಿಯ ಮುಖಕ್ಕೆ ಅಂಗೈ ಒತ್ತುವುದನ್ನೂ ನಿಷೇಧಿಸಿರಿ. ಎರಡನೆಯ ಬಣ್ಣದವನನ್ನು ಹಿಡಿದಾಗ ರೆಫರಿ ಎರಡು ಸೆಕೆಂಡು ಎಣಿಸುತ್ತಾನೆ. ಅಷ್ಟರೊಳಗೆ ಅವನು ಚೆಂಡನ್ನು ಜೊತೆಗಾರನಿಗೆ ದಾಟಿಸಬೇಕು, ಇಲ್ಲದಿದ್ದರೆ ಚೆಂಡು ಎದುರು ತಂಡಕ್ಕೆ ಹೋಗುತ್ತದೆ. ಈ ಒಂದು ನಿಯಮದಿಂದ ರಕ್‌ಗಳ ಸಂಖ್ಯೆ ತಾನಾಗಿ ಇಳಿಯುತ್ತದೆ. ಉಳಿದ ರಕ್‌ಗಳಲ್ಲಿ ಪ್ರತಿ ಕಡೆಯಿಂದ ಒಬ್ಬನೇ, ಕಾಲ ಮೇಲೆ ನಿಂತೇ ಇರಲಿ. ಬಗ್ಗಿ ನಿಂತವನನ್ನು ಓಡಿಬಂದು ಗುದ್ದಿ ಸರಿಸುವುದಕ್ಕೆ ನೇರವಾಗಿ ಪೆನಾಲ್ಟಿ.

ಚೆಂಡು ಬದಿಗೆರೆ ದಾಟಿದಾಗ ಎರಡು ತಂಡಗಳ ಸಾಲುಗಳ ನಡುವೆ ಅದನ್ನು ಎಸೆದು ಆಟ ಮುಂದುವರಿಸುವ ಲೈನ್‌ಔಟ್‌ನಲ್ಲಿ ಆಟಗಾರನನ್ನು ಮೇಲೆತ್ತುವುದು ಬೇಡ. ಮೇಲಿಂದ ಬರುವ ಚೆಂಡಿಗೆ ಮೊದಲು ಕೆಳಗೆ ಬಂದು ನಿಂತವನಿಗೇ ಹಿಡಿಯುವ ಹಕ್ಕು, ಇತರರು ಐದು ಮೀಟರ್ ದೂರ.

ಘರ್ಷಣೆ ಕಡಿಮೆಯಾದಾಗ ಓಟ ಹೆಚ್ಚುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಸ್ಕ್ರಮ್, ರಕ್‌ಗಳ ನಡುವೆ ಸಿಗುತ್ತಿದ್ದ ಬಿಡುವು ಇಲ್ಲವಾಗಿ, ತೊಡೆಯ ಹಿಂಭಾಗದ ಸ್ನಾಯು, ಮೀನಖಂಡ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಇವುಗಳ ಮೇಲೆ ಹೊರೆ ಬೀಳುತ್ತದೆ. ಅದರಲ್ಲೂ ಹದಿನೈದು ಜನರ ಬದಲು ಹತ್ತು ಜನರನ್ನು ಇಳಿಸಿ ಮೈದಾನವನ್ನು ಮಾತ್ರ 70 ಮೀಟರ್ ಅಗಲವಾಗಿಯೇ ಉಳಿಸಿಕೊಂಡರೆ, ಪ್ರತಿಯೊಬ್ಬನೂ ಕಾಯಬೇಕಾದ ಜಾಗ ಒಂದೂವರೆ ಪಟ್ಟಾಗುತ್ತದೆ. ಜನ ಕಡಿಮೆಯಾದಂತೆ ಮೈದಾನವನ್ನೂ ಕಿರಿದಾಗಿಸಿರಿ. 80 ನಿಮಿಷಗಳ ಆಟದ ಬದಲು ಹತ್ತರಿಂದ ಹದಿನೈದು ನಿಮಿಷಗಳ ನಾಲ್ಕು ಅವಧಿಗಳನ್ನು ಇಟ್ಟುಕೊಂಡು, ಪ್ರತಿ ಅವಧಿಯ ನಂತರ ನೀರು ಕುಡಿಯಲು ಬಿಡುವು ಕೊಡಬೇಕು. ಆಟಗಾರರು ಎಷ್ಟು ಸಲ ಬೇಕಾದರೂ ಹೊರಗೆ ಹೋಗಿ ಮತ್ತೆ ಒಳಗೆ ಬರುವಂತಿರಬೇಕು. ದಣಿದ ದೇಹ ತಪ್ಪು ಟ್ಯಾಕಲ್ ಮಾಡುತ್ತದೆ. ಆಟಕ್ಕೆ ಮುನ್ನ ಹದಿನೈದು ನಿಮಿಷ ಮೈ ಬಿಸಿಮಾಡಿಕೊಳ್ಳದವನನ್ನು ಮೊದಲ ಅವಧಿಗೆ ಇಳಿಸಬಾರದು.

ಕೆಲವು ಸಂಗತಿಗಳನ್ನು ನಿಯಮದಿಂದ ಸರಿಪಡಿಸಲಾಗದು, ಅವಕ್ಕೆ ಸಿದ್ಧತೆಯೇ ಬೇಕು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧ ಸೇವಿಸುವವರು ತಲೆಗೆ ಸಣ್ಣ ಪೆಟ್ಟಾದರೂ ಮಿದುಳಿನ ಸುತ್ತ ರಕ್ತಸ್ರಾವವಾಗುವ ಅಪಾಯ ಇರುವುದರಿಂದ, ವಯಸ್ಸು ಎಷ್ಟೇ ಇರಲಿ, ಮುಟ್ಟಾಟದ ಬಣ್ಣವನ್ನೇ ಧರಿಸಬೇಕು, ಅದೂ ವೈದ್ಯರು ಒಪ್ಪಿದರೆ ಮಾತ್ರ. ಹಿರಿಯರಲ್ಲಿ ಇಂಥ ರಕ್ತಸ್ರಾವದ ಲಕ್ಷಣಗಳು ಕೆಲವೊಮ್ಮೆ ವಾರಗಳ ನಂತರ ಕಾಣಿಸುತ್ತವೆ ಎಂಬುದನ್ನು ಮನೆಯವರಿಗೂ ತಿಳಿಸಿರಬೇಕು. ತಲೆಗೆ ಪೆಟ್ಟು ಬಿದ್ದ ಅನುಮಾನವಿದ್ದವನು ಅಂದು ಮತ್ತೆ ಒಳಗೆ ಬರುವಂತಿಲ್ಲ. ಸಮುದಾಯ ಮಟ್ಟದ ಆಟಗಾರರು ಪಂದ್ಯಕ್ಕೆ ಮರಳಲು ಕನಿಷ್ಠ 21 ದಿನ ಕಾಯಬೇಕೆಂಬುದು ವಿಶ್ವ ರಗ್ಬಿ ಸಂಸ್ಥೆಯ ಮಾರ್ಗಸೂಚಿ. ಎದೆಯಲ್ಲಿ ಬಿಗಿತ, ಎಂದಿಲ್ಲದ ಉಸಿರಾಟದ ತೊಂದರೆ ಎಂದವನನ್ನು ಕೂಡಲೇ ಕೂರಿಸಿ ವೈದ್ಯಕೀಯ ನೆರವು ಕರೆಯಬೇಕು. ಹೃದಯ ನಿಂತಾಗ ವಿದ್ಯುತ್ ಆಘಾತ ಕೊಡುವುದು ಒಂದೊಂದು ನಿಮಿಷ ತಡವಾದಂತೆ ಬದುಕುಳಿಯುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಕುಸಿಯುತ್ತದೆ. ಆದ್ದರಿಂದ ಆಘಾತ ಕೊಡುವ ಯಂತ್ರ ಬೀಗ ಹಾಕಿದ ಕೋಣೆಯಲ್ಲಿ ಇರದೆ ಮೈದಾನದ ಅಂಚಿನಲ್ಲೇ ಇರಲಿ, ಅದನ್ನು ಬಳಸಲು ಬಲ್ಲವರು ಇಬ್ಬರಾದರೂ ಇರಲಿ.

ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದು, ಆಟಕ್ಕೆ ಮುನ್ನ ಎರಡೂ ತಂಡಗಳನ್ನು ಒಟ್ಟಿಗೆ ನಿಲ್ಲಿಸಿ ರೆಫರಿ ಗಟ್ಟಿಯಾಗಿ ಓದಬೇಕು. ಹಳೆಯ ಅಭ್ಯಾಸ ದೇಹದಲ್ಲಿ ಉಳಿದಿರುತ್ತದೆ. ಇಪ್ಪತ್ತರ ವಯಸ್ಸಿನಲ್ಲಿ ಕಲಿತ ಟ್ಯಾಕಲ್ ಅರವತ್ತರಲ್ಲೂ ಯೋಚನೆಗೆ ಮೊದಲೇ ಹೊರಬರುತ್ತದೆ. ಹಾಗಾಗಿ ಮೊದಲ ಅವಧಿಯಲ್ಲಿ ಅನುಮಾನ ಬಂದಲ್ಲೆಲ್ಲ ರೆಫರಿ ಸೀಟಿ ಊದಲಿ, ಏಕೆ ಊದಿದೆನೆಂದು ಒಂದು ವಾಕ್ಯದಲ್ಲಿ ಹೇಳಲಿ. ಆಟ ಮುಗಿದ ಮೇಲೆ ಯಾವ ನಿಯಮಕ್ಕೆ ಹೆಚ್ಚು ಸಲ ಸೀಟಿ ಬಿತ್ತು, ಯಾರಿಗೆ ಎಲ್ಲಿ ನೋವಾಯಿತು ಎಂಬುದನ್ನು ಅದೇ ಹಾಳೆಯ ಹಿಂಬದಿಯಲ್ಲಿ ಬರೆದಿಟ್ಟು, ಮುಂದಿನ ಪಂದ್ಯದ ನಿಯಮಗಳನ್ನು ಅದನ್ನು ನೋಡಿಕೊಂಡೇ ತಿದ್ದಬೇಕು.