ಗಣಿಯ ಸುತ್ತಲಿನ ನೀರನ್ನು ಅಳೆಯುವ ಮುನ್ನ: ಯಾವ ಪದರದ ನೀರು?

ನೆಲದಡಿಯ ಕಲ್ಲಿದ್ದಲು ಗಣಿಗಳ ಸುತ್ತ ನೀರಿನ ಮಟ್ಟ ಅಳೆಯುವುದು ನನ್ನ ಕೆಲಸ. "ಇಲ್ಲಿ ನೀರು ಎಷ್ಟು ಆಳದಲ್ಲಿದೆ?" ಎಂದು ಯಾರಾದರೂ ಕೇಳಿದರೆ, "ಯಾವ ಪದರದ ನೀರು?" ಎಂದು ನಾನೇ ತಿರುಗಿ ಕೇಳುತ್ತೇನೆ. ಇದು ಗೊತ್ತಿಲ್ಲದಿದ್ದರೆ ಅಳೆದದ್ದೆಲ್ಲ ದಂಡ.

ಕಲ್ಲಿದ್ದಲಿನ ಮೇಲೆ, ಕೆಳಗೆ ಮರಳುಗಲ್ಲು ಇರುತ್ತದೆ. ನಡುನಡುವೆ ಶೇಲ್ ಎಂಬ ಜೇಡಿಗಲ್ಲು. ಮರಳುಗಲ್ಲಿನಲ್ಲಿ ನೀರು ಹರಿಯುತ್ತದೆ, ಕಲ್ಲಿದ್ದಲಿನ ಸಣ್ಣ ಬಿರುಕುಗಳಲ್ಲೂ ಹರಿಯುತ್ತದೆ. ಶೇಲ್ ಅದನ್ನು ತಡೆದು ಹಿಡಿಯುತ್ತದೆ. ಹಾಗಾಗಿ ಒಂದೇ ಜಾಗದಲ್ಲಿ ಎರಡು ಮೂರು ಬೇರೆ ಬೇರೆ ಮಟ್ಟಗಳು ಸಿಗುತ್ತವೆ.

ನಾನು ಇದನ್ನು ಕಲಿತದ್ದು ಒಂದು ಹಳೆಯ ಕೊಳವೆಬಾವಿಯಿಂದ. ಎಂಟು ತಿಂಗಳು ಅದರ ಮಟ್ಟವನ್ನು ಕಲ್ಲಿದ್ದಲು ಪದರದ್ದೆಂದೇ ಬರೆದುಕೊಂಡಿದ್ದೆವು. ಒಂದು ದಿನ ಬಾಯಿಗೆ ಕಿವಿಯಿಟ್ಟಾಗ ಒಳಗೆ ಜುಳುಜುಳು ಸದ್ದು. ಮೇಲಿನ ಪದರದ ನೀರು ಅದೇ ರಂಧ್ರದಲ್ಲಿ ಕೆಳಗೆ ಸುರಿಯುತ್ತಿತ್ತು. ಅಷ್ಟೂ ಅಂಕಿ ಎರಡು ಪದರಗಳ ಕಲಬೆರಕೆ. ಅದಕ್ಕಿಂತ ಬೇಸರವಾಗಿದ್ದು ಬೇರೆ: ಜನ ಕುಡಿಯುವ ನೀರನ್ನು ನಮ್ಮ ಬಾವಿಯೇ ಕೆಳಗಿಳಿಸುತ್ತಿತ್ತು.

ಆದ್ದರಿಂದ ಒಂದು ಬಾವಿಗೆ ಒಂದೇ ಪದರ. ಬೇಕಾದ ಆಳದಲ್ಲಿ ಮಾತ್ರ ತೂತಿರುವ ಪೈಪು ಇಡಿ, ಸುತ್ತ ಸಣ್ಣ ಜಲ್ಲಿ ತುಂಬಿ, ಅದರ ಮೇಲೆ ಬೆಂಟೊನೈಟ್ ಜೇಡಿ ಹಾಕಿ ಮುಚ್ಚಿ. ಬೆಂಟೊನೈಟ್ ನೀರು ಕುಡಿದು ಉಬ್ಬಿ ದಾರಿ ಕಟ್ಟುತ್ತದೆ. ಈ ಕೆಲಸದಲ್ಲಿ ಆತುರ ಬೇಡವೇ ಬೇಡ.

ಅಳತೆಯನ್ನು ಪ್ರತಿಸಲ ಪೈಪಿನ ಬಾಯಲ್ಲಿ ಗುರುತು ಮಾಡಿದ ಒಂದೇ ಜಾಗದಿಂದ ತೆಗೆಯಿರಿ. ಆಮೇಲೆ ಆಳವನ್ನು ಸಮುದ್ರಮಟ್ಟದಿಂದ ಇರುವ ಎತ್ತರಕ್ಕೆ ಬದಲಿಸಿಕೊಳ್ಳಿ. ಮೇಲಿನ ಪದರದ ಬಾವಿಯ ಬಾಯಿ 312.40 ಮೀಟರ್ ಎತ್ತರದಲ್ಲಿದ್ದು, ನೀರು 18.65 ಮೀಟರ್ ಕೆಳಗಿದ್ದರೆ ಮಟ್ಟ 293.75. ಪಕ್ಕದಲ್ಲೇ ಕಲ್ಲಿದ್ದಲು ಪದರದ ಬಾವಿ 247.80 ತೋರಿಸಿತು ಅಂದುಕೊಳ್ಳಿ. ಸುಮಾರು 46 ಮೀಟರ್ ವ್ಯತ್ಯಾಸ. ಗಣಿಯ ಪಂಪು ಕೆಳಗಿನ ನೀರನ್ನು ಎಳೆದಿದೆ, ನಡುವಿನ ಶೇಲ್ ಇನ್ನೂ ಮೇಲಿನದನ್ನು ಕಾಯುತ್ತಿದೆ ಎಂದು ನಾನು ಓದುತ್ತೇನೆ. ಮುಂದಿನ ತಿಂಗಳುಗಳಲ್ಲಿ ಮಳೆ ಸರಿಯಾಗಿದ್ದೂ ಮೇಲಿನ ಮಟ್ಟ ಇಳಿಯತೊಡಗಿದರೆ ಎಚ್ಚರವಾಗಬೇಕು.

ಯಾಕೆಂದರೆ ಕಲ್ಲಿದ್ದಲು ತೆಗೆದ ಜಾಗದ ಛಾವಣಿ ಕುಸಿಯುತ್ತದೆ. ಕುಸಿದ ಕಲ್ಲಿನ ಮೇಲಿನ ಪದರಗಳು ಬಿರುಕು ಬಿಡುತ್ತವೆ. ಅದಕ್ಕೂ ಮೇಲಿನವು ಬರೀ ಬಾಗುತ್ತವೆ. ಶೇಲ್ ಬಾಗುವ ಭಾಗದಲ್ಲಿದ್ದರೆ ಮೇಲಿನ ನೀರು ಉಳಿಯುವ ಸಾಧ್ಯತೆ ಜಾಸ್ತಿ. ಬಿರುಕಿನ ಭಾಗದಲ್ಲಿದ್ದರೆ ನೀರು ಗಣಿಗೆ ದಾರಿ ಹುಡುಕಿಕೊಳ್ಳುತ್ತದೆ.

ಇಳಿದದ್ದು ಗಣಿಯಿಂದಲೋ ಬರದಿಂದಲೋ? ಇದನ್ನು ಹೇಳಲು ಎರಡು ಸಂಗತಿ ಬೇಕು. ಅಗೆಯುವ ಮೊದಲೇ ಕನಿಷ್ಠ ಒಂದು ಇಡೀ ವರ್ಷದ ಅಳತೆ, ಮತ್ತು ಗಣಿಯ ಪ್ರಭಾವ ತಲುಪದಷ್ಟು ದೂರದಲ್ಲಿ ಅದೇ ಪದರದ ಒಂದು ಬಾವಿ. ಹತ್ತಿರದ, ದೂರದ ಬಾವಿ ಎರಡೂ ಒಟ್ಟಿಗೆ ಇಳಿದರೆ ಮಳೆ ನೋಡಿ. ಹತ್ತಿರದ್ದು ಮಾತ್ರ ಇಳಿದರೆ ಗಣಿ ನೋಡಿ. ಗಾಳಿಯ ಒತ್ತಡವನ್ನೂ ಬರೆದಿಡಿ. ಮೇಲೆ ಶೇಲ್ ಮುಚ್ಚಿದ ಪದರಗಳಲ್ಲಿ ಒತ್ತಡ 1 ಕಿಲೋಪ್ಯಾಸ್ಕಲ್ ಏರಿದರೆ ಬಾವಿಯ ನೀರು ಕೆಲವು ಸೆಂಟಿಮೀಟರ್, ಹೆಚ್ಚೆಂದರೆ 10ರಷ್ಟು, ಕೆಳಗಿಳಿಯಬಹುದು. ಅದು ಸೋರಿಕೆ ಅಲ್ಲ.

ಗಣಿಯೊಳಗಿನ ಲೆಕ್ಕವೂ ಬೇಕು. ಪಂಪು ಹೊರಹಾಕಿದ ನೀರಿನಲ್ಲಿ ಕೊರೆಯಲು, ದೂಳು ಅಡಗಿಸಲು ಒಳಗೆ ಕಳಿಸಿದ ನೀರನ್ನು ಕಳೆಯಿರಿ. ಉಳಿದದ್ದು ಹೆಚ್ಚುಕಡಿಮೆ ನೆಲದ ನೀರು. ಅದು ದಿಢೀರನೆ ಏರಿದರೆ ಕಾಯಬೇಡಿ, ಆಗಲೇ ಹೇಳಿ. ಪಕ್ಕದಲ್ಲಿ ಹಳೆಯ ಗಣಿ ಇದ್ದರಂತೂ ನಕಾಶೆಯೊಂದನ್ನೇ ನಂಬಬೇಡಿ. 2002ರ ಜುಲೈಯಲ್ಲಿ ಅಮೆರಿಕದ ಕ್ವೆಕ್ರೀಕ್ ಗಣಿಯಲ್ಲಿ ಕೆಲಸಗಾರರು ನೀರು ತುಂಬಿದ ಹಳೆಯ ಗಣಿಯೊಳಕ್ಕೆ ಕೊರೆದುಬಿಟ್ಟರು. ಅವರ ಕೈಯಲ್ಲಿದ್ದ ನಕಾಶೆ ಕೊನೆಯದಾಗಿರಲಿಲ್ಲ. ಒಂಬತ್ತು ಜನ ಮೂರು ದಿನಕ್ಕೂ ಹೆಚ್ಚು ಒಳಗೆ ಸಿಕ್ಕಿಕೊಂಡಿದ್ದು, ಎಲ್ಲರೂ ಬದುಕಿ ಬಂದರು. ಮುಂದೆ ಉದ್ದ ರಂಧ್ರ ಕೊರೆದು ನೋಡದೆ ಅಂಥ ಕಡೆ ಹೆಜ್ಜೆ ಇಡಬಾರದು.

ಪರೀಕ್ಷೆಗೆ ನೀರು ತೆಗೆಯುವ ಮುನ್ನ ಪೈಪಿನಲ್ಲಿ ನಿಂತ ನೀರನ್ನು ಹೊರಗೆ ಚೆಲ್ಲಿ. 50 ಮಿಲಿಮೀಟರ್ ಪೈಪಿನಲ್ಲಿ ಪ್ರತಿ ಮೀಟರಿಗೆ ಸುಮಾರು 2 ಲೀಟರ್ ಇರುತ್ತದೆ. 10 ಮೀಟರ್ ನೀರಿದ್ದರೆ ಮೂರು ಪಟ್ಟು, ಅಂದರೆ 60 ಲೀಟರ್ ತೆಗೆದ ಮೇಲೆ ಬಾಟಲಿ ತುಂಬಿ. ನೀರು ಎಷ್ಟು ಹುಳಿ ಎಂದು ತೋರಿಸುವ ಪಿಎಚ್ ಅಲ್ಲೇ ನೋಡಿ. ಸಲ್ಫೇಟ್, ಕಬ್ಬಿಣ ಪರೀಕ್ಷೆಗೆ ಕಳಿಸಿ. ಕಲ್ಲಿದ್ದಲಿನ ಜೊತೆಗಿರುವ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜಕ್ಕೆ ಗಾಳಿ, ನೀರು ತಾಗಿದಾಗ ಆಮ್ಲ, ಸಲ್ಫೇಟ್ ಹುಟ್ಟುತ್ತವೆ. ಸುತ್ತ ಸುಣ್ಣದ ಅಂಶ ಇದ್ದರೆ ಆ ಹುಳಿ ಅಡಗಿಹೋಗುತ್ತದೆ, ಆದರೆ ಸಲ್ಫೇಟ್ ಉಳಿಯುತ್ತದೆ. ಪಿಎಚ್ 7 ಇದೆಯೆಂದು ಸಮಾಧಾನ ಪಡಬೇಡಿ ಅನ್ನುವುದು ಇದಕ್ಕೇ.

ಗಣಿ ಮುಚ್ಚಿದಾಗ ಅಳತೆ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ಪಂಪು ನಿಂತ ಮೇಲೆ ನೀರು ವರ್ಷಗಟ್ಟಲೆ, ಕೆಲವು ಕಡೆ ದಶಕಗಟ್ಟಲೆ ಮೇಲೇರುತ್ತದೆ. ಒಣಗಿದ್ದ ಗೋಡೆಗಳಲ್ಲಿ ಕೂತ ಉಪ್ಪನ್ನೆಲ್ಲ ಕರಗಿಸಿಕೊಂಡು ಬರುತ್ತದೆ. ಆಗ ತಗ್ಗಿನ ಹಳೆಯ ಸುರಂಗದ ಬಾಯಿಗಳನ್ನು, ತೊರೆಯ ದಡಗಳನ್ನು ನಡೆದೇ ನೋಡಬೇಕು. ಕಲ್ಲಿನ ಮೇಲೆ ಕಬ್ಬಿಣದ ಕಿತ್ತಳೆ ಬಣ್ಣದ ಲೋಳೆ ಕಂಡರೆ ಜಾಗ ಗುರುತು ಮಾಡಿ, ಆ ದಿನವೇ ಪರೀಕ್ಷೆಗೆ ನೀರು ತುಂಬಿಕೊಳ್ಳಿ.