ನಾಯಿಯ ಬೊಗಳು, ಮಗಳ ‘ಇಲ್ಲ’: ನನ್ನ ಎರಡು ತಿಂಗಳ ನೋಟ್‌ಬುಕ್

ನಮ್ಮ ಮನೆಯಲ್ಲಿ ಒಂದು ನಾಯಿ, ಎರಡೂವರೆ ವರ್ಷದ ಮಗಳು. ಇಬ್ಬರೂ ದಿನವಿಡೀ ಏನಾದರೂ ಹೇಳುತ್ತಲೇ ಇರುತ್ತಾರೆ. ಮನುಷ್ಯರ ಮಾತು ಎಲ್ಲಿ ಬೇರೆಯಾಗುತ್ತದೆ ಅಂತ ಕಣ್ಣಾರೆ ನೋಡಬೇಕು ಅನ್ನಿಸಿತು. ಎರಡು ತಿಂಗಳು ಇಬ್ಬರದ್ದನ್ನೂ ಬರೆದಿಟ್ಟೆ.

ಮೊದಲ ವಾರ ಬರೆದದ್ದನ್ನೆಲ್ಲ ಹರಿದು ಹಾಕಬೇಕಾಯಿತು. ನಾಯಿ ಕುಂಯ್‌ಗುಟ್ಟಿದರೆ ‘ಬೇಜಾರು’, ಬೊಗಳಿದರೆ ‘ಕೋಪ’ ಅಂತ ಬರೆದಿದ್ದೆ. ಅದು ನನ್ನ ಊಹೆ ಅಲ್ವಾ? ಆಮೇಲೆ ಮೂರೇ ಕಾಲಂ ಇಟ್ಟುಕೊಂಡೆ: ಕೇಳಿದ ಸದ್ದು, ಅದಕ್ಕೆ ಮೊದಲು ಆಗಿದ್ದು, ನಂತರ ಆಗಿದ್ದು. ಅರ್ಥಕ್ಕೆ ಕಾಲಂ ಇಲ್ಲ. ನೀವೂ ಮಾಡಿ ನೋಡುವುದಾದರೆ ಈ ಒಂದು ವಿಷಯದಲ್ಲಿ ಬಿಗಿಯಾಗಿರಿ.

ನಾಯಿಯ ಸದ್ದು ಏಳೆಂಟು ಬಗೆ ಸಿಕ್ಕಿತು. ಬಾಗಿಲಾಚೆ ಹೆಜ್ಜೆ ಸಪ್ಪಳವಾದರೆ ಒಂದು, ತಟ್ಟೆ ಖಾಲಿಯಿದ್ದರೆ ಇನ್ನೊಂದು. ಎಲ್ಲವೂ ಆ ಗಳಿಗೆಯ ಸಂಗತಿ. ನಿನ್ನೆ ಬಂದವರ ಬಗ್ಗೆ ಇವತ್ತು ಬೊಗಳಿದ್ದು ಒಮ್ಮೆಯೂ ಸಿಗಲಿಲ್ಲ. ಬೊಗಳು ಜೋರಾದರೆ ಅದೇ ವಿಷಯ ಜೋರಾಗುತ್ತದೆ, ಅಷ್ಟೇ. ಮಗಳ ಬಾಯಲ್ಲಿ ‘ಹಾಲು’ವಿನ ಒಂದು ಸದ್ದು ಬದಲಾದರೆ ‘ಕಾಲು’ ಆಗಿಬಿಡುತ್ತದೆ.

ಪ್ರಾಣಿಗಳದ್ದು ಸುಮ್ನೆ ಅರಚಾಟ ಅಂತ ಮಾತ್ರ ಅಂದುಕೊಳ್ಳಬೇಡಿ. ವರ್ವೆಟ್ ಕೋತಿಗಳಿಗೆ ಚಿರತೆಗೊಂದು ಕೂಗು, ಹದ್ದಿಗೊಂದು, ಹಾವಿಗೊಂದು. ಚಿರತೆಯ ಕೂಗಿಗೆ ಮರ ಹತ್ತುತ್ತವೆ, ಹದ್ದಿನ ಕೂಗಿಗೆ ತಲೆಯೆತ್ತಿ ನೋಡುತ್ತವೆ. ಜೇನುನೊಣ ಇನ್ನೂ ಒಂದು ಹೆಜ್ಜೆ ಮುಂದೆ. ದೂರದ ಹೂವಿನ ದಿಕ್ಕು, ದೂರ ಎರಡನ್ನೂ ಗೂಡಿನೊಳಗೆ ಕುಣಿದು ತಿಳಿಸುತ್ತದೆ. ಆ ಕುಣಿತವನ್ನು ಬಿಡಿಸಿ ತೋರಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ, ಇನ್ನಿಬ್ಬರ ಜೊತೆ, ನೊಬೆಲ್ ಬಂತು. ಕಣ್ಣೆದುರು ಇಲ್ಲದ್ದನ್ನು ಹೇಳುವುದು ನಮಗೆ ಮಾತ್ರ ಗೊತ್ತು ಅಂದುಕೊಂಡಿದ್ದ ನಾನು ಇದನ್ನು ಓದಿ ಬೆರಗಾಗಿದ್ದೆ. ಆದರೆ ‘ನಿನ್ನೆ ಅಲ್ಲಿ ಹೂವಿತ್ತು, ಇವತ್ತಿಲ್ಲ’ ಅನ್ನುವ ಕುಣಿತ ಅದಕ್ಕಿಲ್ಲ.

ಆ ‘ಇಲ್ಲ’ ನನಗೆ ಸಿಕ್ಕಿದ್ದು ಮಗಳ ಪುಟದಲ್ಲಿ. ಒಂದು ದಿನ ಲೋಟ ಬಗ್ಗಿಸಿ ಒಳಗೆ ನೋಡಿ ‘ಹಾಲು ಇಲ್ಲ’ ಅಂದಳು. ಎರಡು ದಿನಕ್ಕೆ ‘ಅಪ್ಪ ಇಲ್ಲ’, ‘ಚೆಂಡು ಇಲ್ಲ’. ಒಂದು ಪದ ಕೈಗೆ ಸಿಕ್ಕಿದ್ದೇ ತಡ, ಕಂಡದ್ದಕ್ಕೆಲ್ಲ ಅಂಟಿಸತೊಡಗಿದಳು. ಆಮೇಲೊಂದು ರಾತ್ರಿ ದೀಪ ಆರಿಸಿ ಮಲಗಿದ್ದೇವೆ. ಕತ್ತಲಲ್ಲಿ, ಯಾರೂ ಕೇಳದೆ, ‘ಕಾಗೆ ಇಲ್ಲ. ಕಾಗೆ ನಿದ್ದೆ’ ಅಂದಳು. ಕಾಗೆ ಬಂದು ಕೂತಿದ್ದು ಬೆಳಿಗ್ಗೆ. ಮೊದಲು ಆಗಿದ್ದು ಎಂಬ ಕಾಲಂನಲ್ಲಿ ಏನು ಬರೆಯಲಿ? ಅಲ್ಲಿ ಏನೂ ಆಗಿರಲಿಲ್ಲ. ಎದ್ದು ದೀಪ ಹಾಕಿ, ಆ ಜಾಗ ಖಾಲಿ ಬಿಟ್ಟು ಬರೆದುಕೊಂಡೆ. ಇಡೀ ನೋಟ್‌ಬುಕ್ಕಿನಲ್ಲಿ ನನಗೆ ಅತಿ ಪ್ರೀತಿಯ ಸಾಲು ಅದು.

ಇನ್ನೊಂದು ಸಿಕ್ಕಿದ್ದು ಅವಳ ತಪ್ಪಿನಲ್ಲಿ. ‘ನಾನು ಕೊಡಿದೆ’ ಅಂದಳು, ‘ಕೊಟ್ಟೆ’ ಅನ್ನುವುದಕ್ಕೆ. ಮನೆಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ‘ಕುಡಿದೆ’, ‘ನಡೆದೆ’ ಕೇಳಿ ಒಳಗೊಳಗೇ ಒಂದು ನಿಯಮ ಕಟ್ಟಿಕೊಂಡು, ಯಾರೂ ಆಡದ ಪದ ಮಾಡಿದ್ದಾಳೆ. ತಿದ್ದಲು ನನಗೆ ಮನಸ್ಸೇ ಬರಲಿಲ್ಲ.

ಕೊನೆಯ ವಾರ ನನ್ನದೇ ಒಂದು ದೊಡ್ಡ ಕೊರತೆ ಕಂಡಿತು. ನಾಯಿ ಕಂಬದ ಬುಡದಲ್ಲಿ ನಿಂತು ತುಂಬಾ ಹೊತ್ತು ಮೂಸುತ್ತಿತ್ತು. ಬೇರೆ ನಾಯಿ ಹಿಂದೆಯೇ ಬಿಟ್ಟು ಹೋದ ಸುದ್ದಿ ಆ ವಾಸನೆಯಲ್ಲಿರುತ್ತದೆ. ನಾನು ಕಿವಿಗೆ ಬಿದ್ದದ್ದನ್ನು ಮಾತ್ರ ಬರೆದಿದ್ದೆ. ಈಗ ನಾಲ್ಕನೇ ಕಾಲಂ ಎಳೆದಿದ್ದೇನೆ: ಎಲ್ಲಿ ಮೂಸಿತು, ಎಷ್ಟು ಹೊತ್ತು.